ಟ್ರೈ ಸುರಿದವನ ಹೊಸ ಸಿಮೆಂಟು

ನನ್ನ ನಿವೃತ್ತಿಗೆ ಎರಡು ವರ್ಷವಿತ್ತು. ಅಂತರ್ಜಲ ಪರೀಕ್ಷಿಸುವ ಸರ್ಕಾರಿ ಪ್ರಯೋಗಾಲಯವೊಂದರಲ್ಲಿ ಹಿರಿಯ ಕೆಮಿಸ್ಟ್ ಆಗಿದ್ದೆ. ಆಗಿನ ಈ ಪ್ರಕರಣವನ್ನು ತಣ್ಣಗೆ ಕೂತು ಹೇಳಲು ನನಗೆ ಇಂದಿಗೂ ಬರುವುದಿಲ್ಲ.

ಚಂದ್ರಾ ಲೇಔಟ್‌ನ ಅಡ್ಡರಸ್ತೆಯೊಂದರಲ್ಲಿ ಹಾವೇರಿ ಕಡೆಯ ಗಿರಿಜಮ್ಮ ಖಾನಾವಳಿ ನಡೆಸುತ್ತಿದ್ದರು. ಅವರ ಜೋಳದ ರೊಟ್ಟಿ, ಎಣ್ಣೆಗಾಯಿಗೆ ಹೊಸಹಳ್ಳಿಯಿಂದಲೂ ಜನ ಬರುತ್ತಿದ್ದರು. ಇದ್ದಕ್ಕಿದ್ದಂತೆ ಅವರ ಬೋರ್‌ವೆಲ್ ನೀರಿಗೆ ಒಂಥರಾ ಸಿಹಿ ವಾಸನೆ ಹತ್ತಿತು. ನೀರು ಕುದಿಸಿದರೆ ಅಡುಗೆಮನೆಯಲ್ಲಿದ್ದವರಿಗೆ ತಲೆಸುತ್ತು. ಪಕ್ಕದಲ್ಲೇ ಪ್ರಕಾಶ್ ಎಂಬವನ, ಲೋಹಕ್ಕೆ ಲೇಪ ಹಾಕುವ ಎಲೆಕ್ಟ್ರೋಪ್ಲೇಟಿಂಗ್ ಶೆಡ್ ಇತ್ತು. ಗಿರಿಜಮ್ಮನ ಪಾಯಿಖಾನೆ ಗುಂಡಿಯೇ ಸೋರುತ್ತಿದೆ ಎಂದು ಅವನು ಬೀದಿಗೆಲ್ಲ ಸಾರಿದ. ಪಾಲಿಕೆಯಿಂದ ಯಾರೋ ಬಂದು ಅವರ ಓವರ್‌ಹೆಡ್ ಟ್ಯಾಂಕಿನ ನೀರು ಒಯ್ದು ಪರೀಕ್ಷಿಸಿ, ರಾಸಾಯನಿಕವೇನೂ ಇಲ್ಲವೆಂದರು. ಹಾಗಾದರೆ ಗುಂಡಿಯ ಕೊಳೆಯೇ ಎಂದು ಖಾನಾವಳಿ ಮುಚ್ಚುವಂತೆ ನೋಟಿಸ್ ಬಂತು. ಅದನ್ನು ಹಿಡಿದು ಗಿರಿಜಮ್ಮ ನಮ್ಮ ಪ್ರಯೋಗಾಲಯಕ್ಕೆ ಬಂದರು.

ಇಂಥ ಶೆಡ್‌ಗಳಲ್ಲಿ ಲೋಹದ ಬಿಡಿಭಾಗಗಳ ಜಿಡ್ಡು ತೆಗೆಯಲು ಟ್ರೈಕ್ಲೋರೋಎಥಿಲೀನ್ ಎಂಬ ಸಿಹಿ ವಾಸನೆಯ ದ್ರಾವಕ ಬಳಸುತ್ತಾರೆ. ಕೆಲಸಗಾರರ ಬಾಯಲ್ಲಿ ಅದು ‘ಟ್ರೈ’. ಬಯಲಲ್ಲಿ ಚೆಲ್ಲಿದರೆ ಬೇಗ ಗಾಳಿಗೆ ಹಾರುತ್ತದೆ. ಸುರಿಯುತ್ತಲೇ ಇದ್ದರೆ, ಮಣ್ಣಿಗೆ ಅಷ್ಟಾಗಿ ಅಂಟದೆ ಕೆಳಗಿಳಿಯುತ್ತದೆ. ನೀರಿಗಿಂತ ಸುಮಾರು ಒಂದೂವರೆ ಪಟ್ಟು ಭಾರವಾದ್ದರಿಂದ ಅಂತರ್ಜಲ ಸಿಕ್ಕರೂ ಅಲ್ಲಿ ನಿಲ್ಲದೆ ಬಂಡೆಯ ಬಿರುಕುಗಳಿಗೆ ಮುಳುಗುತ್ತದೆ. ಅಲ್ಲಿಂದ ಚೂರುಚೂರೇ ನೀರಿಗೆ ಬೆರೆಯುತ್ತಾ ದಶಕಗಟ್ಟಲೆ ಉಳಿಯಬಲ್ಲದು. ಇದು ಕ್ಯಾನ್ಸರ್ ತರುವ ವಸ್ತು.

ಟ್ಯಾಂಕಿಗೆ ರಭಸದಿಂದ ಬಿದ್ದು ನಿಂತ ನೀರಿನಿಂದ ಟ್ರೈ ಹಾರಿಹೋಗಿತ್ತು. ನಾನು ಬೋರ್‌ವೆಲ್ ಬಾಯಿಂದಲೇ ನೀರು ಹಿಡಿದೆ. ಬಾಟಲಿಯಲ್ಲಿ ಒಂದು ಗುಳ್ಳೆಯೂ ಉಳಿಯದಂತೆ ತುಂಬಿಸಿ, ಐಸ್ ಪೆಟ್ಟಿಗೆಯಲ್ಲಿಟ್ಟು ತಂದೆ. ಟ್ರೈ ಸಿಕ್ಕಿತು.

ಶೆಡ್ಡಿಗೆ ಹೋದರೆ ಪ್ರಕಾಶ್ ನಕ್ಕ. “ಚೆಲ್ಲಿದ್ರೂ ಅರ್ಧ ಗಂಟೇಲಿ ಹಾರ್ಹೋಗುತ್ತೆ. ಅಷ್ಟೂ ಗೊತ್ತಿಲ್ವಾ ಮೇಡಂ? ಹೋಗಿ, ಆ ಆಂಟಿ ಜೊತೆ ನೀವೂ ರೊಟ್ಟಿ ತಟ್ಕೊಂಡಿರಿ.”

ಮೈಯೆಲ್ಲ ಉರಿದುಹೋಯಿತು. ಇವನನ್ನು ಬಿಡಬಾರದು ಎಂದು ಅಲ್ಲೇ ನಿಶ್ಚಯಿಸಿದೆ. ಬರೀ ನ್ಯಾಯಕ್ಕಾಗಿ ಎಂದರೆ ಅರ್ಧ ಸುಳ್ಳಾದೀತು.

ನೆಲ ಕೊರೆಯಲು ಆದೇಶ ಪಡೆದು ಮತ್ತೆ ಹೋಗುವಷ್ಟರಲ್ಲಿ ಅವನ ಹಿತ್ತಲಿಗೆಲ್ಲ ಹೊಸ ಸಿಮೆಂಟ್ ಬಿದ್ದಿತ್ತು. ಮುಚ್ಚಿದರೆ ಮುಗಿಯಿತು ಎಂದುಕೊಂಡಿದ್ದ ಪುಣ್ಯಾತ್ಮ! ಹಾಗೇ ಬಿಟ್ಟಿದ್ದರೆ ಮೇಲ್ಮಣ್ಣಿನ ಆವಿ ಗಾಳಿಗೆ ಹೋಗಿ ನಾನು ಸಾಕ್ಷಿಗಾಗಿ ಪರದಾಡಬೇಕಿತ್ತು. ಕೆಳಗಿನಿಂದ ಏಳುವ ಆವಿಗೆ ಅವನೇ ಮುಚ್ಚಳ ಹಾಕಿಕೊಟ್ಟಿದ್ದ. ಡ್ರಿಲ್ ಸಿಮೆಂಟ್ ದಾಟಿದ್ದೇ ತಡ, ಅದೇ ಸಿಹಿ ವಾಸನೆ ಗಪ್ಪೆಂದು ಮೇಲೆದ್ದಿತು. ಅವನ ಸೂಪರ್‌ವೈಸರನೇ ಮೂಗು ಮುಚ್ಚಿಕೊಂಡು ಹಿಂದೆ ಸರಿದ. ಪ್ರಕಾಶನ ಮುಖ ಕಪ್ಪಿಟ್ಟಿತು. ನನಗೆ ಹಬ್ಬದೂಟ ಉಂಡಷ್ಟು ಸಂತೋಷವಾಯಿತು.

ಆಳದ ಮಣ್ಣೂ ಅದನ್ನೇ ಹೇಳಿತು. ಶೆಡ್ಡಿಗೆ ಬೀಗ ಬಿತ್ತು, ಖಾನಾವಳಿಯ ನೋಟಿಸ್ ರದ್ದಾಯಿತು. ಗಿರಿಜಮ್ಮನಿಗೆ ಕಾವೇರಿ ನೀರಿನ ಸಂಪರ್ಕವೂ ಸಿಕ್ಕಿತು.

“ಹೋಗ್ಲಿ ಬಿಡ್ರಿ ಮೇಡಂ, ಅವಗೂ ಮಕ್ಕಳದಾವ,” ಎಂದರು ಗಿರಿಜಮ್ಮ. ಅವರ ಮನಸ್ಸು ದೊಡ್ಡದು. ನನ್ನದಲ್ಲ.

ಪ್ರಕಾಶ್ ಕಚೇರಿಗೆ ಬಂದು ಕೈಮುಗಿದ. “ಬುದ್ಧಿ ಬಂತು ಮೇಡಂ. ಇದೊಂದ್ಸಲ ಕ್ಷಮಿಸ್ಬಿಡಿ.”

“ಕ್ಷಮಿಸ್ತೀನಿ. ಆ ಬೋರ್‌ವೆಲ್ ನೀರು ಕುಡಿಯೋ ಹಾಗಾದ ದಿನ ಬನ್ನಿ,” ಎಂದೆ.

ನೆಲಕ್ಕೆ ಸುರಿಯಲು ಕ್ಷಣ ಸಾಕು, ತೆಗೆಯಲು ಒಂದು ಆಯುಷ್ಯ ಸಾಲದು. ವೃತ್ತಿ ನನಗೆ ಕಲಿಸಿದ್ದು ಇದನ್ನೇ. ನಿವೃತ್ತಳಾದ ಮೇಲೂ ವರ್ಷಕ್ಕೊಮ್ಮೆ ಆ ನೀರನ್ನು ಹಳೆಯ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸುತ್ತೇನೆ, ವರದಿಯ ಪ್ರತಿಯನ್ನು ತಪ್ಪದೆ ಪ್ರಕಾಶನ ಮನೆಗೆ ಕಳಿಸುತ್ತೇನೆ. ಅವನನ್ನು ಕರೆಯುವಂಥ ವರದಿ ಇನ್ನೂ ಬಂದಿಲ್ಲ.