ಗೋಡೆಗೆ ಅಳತೆ ತೆಗೆದವನು

ನನ್ನ ತಂಗಿಯ ಗಂಡ ದರ್ಜಿ. ಊರಲ್ಲಿ ಅವನನ್ನು ಕರೆಯುವುದು ‘ಎರಡು ಬೆರಳು’ ಅಂತ. ಯಾರು ಏನೇ ಹೊಲಿಯಲು ಕೊಡಲಿ, ಹೊಲಿಗೆಯ ಒಳಗೆ ಎರಡು ಬೆರಳಗಲ ಬಟ್ಟೆ ಬಿಟ್ಟೇ ಬಿಡುತ್ತಾನೆ. ‘ನಾಳೆ ಮೈಕೈ ತುಂಬಿಕೊಂಡರೆ ಬಿಚ್ಚಿಸಿಕೊಳ್ಳಬಹುದು’ ಎನ್ನುವುದು ಅವನ ಮಾತು. ಹುಟ್ಟಾ ಕಡ್ಡಿಯಂತಿದ್ದು ಕಡ್ಡಿಯಂತೆಯೇ ಕಣ್ಣುಮುಚ್ಚಿದವರ ಅಂಗಿಯಲ್ಲೂ ಆ ಎರಡು ಬೆರಳು ಹಾಗೇ ಇತ್ತು. ಇಂಥವನಿಗೆ ತಲೆ ನೆರೆತ ಮೇಲೆ ಕಲೆಯ ಹುಚ್ಚು ಹತ್ತಿತು.

ಹತ್ತಿಸಿದ್ದು ಗ್ರಂಥಾಲಯದ ಮೇಡಂ. ಪರದೆ ಹೊಲಿಸಲು ಅಂಗಡಿಗೆ ಬಂದವರು ಮೇಜಿನ ಮೇಲಿನ ಚಿಂದಿ ರಾಶಿ ನೋಡಿ ತಲೆ ವಾಲಿಸಿದರು.

“ಹೊಸ ಕಟ್ಟಡದಲ್ಲಿ ಒಂದು ಗೋಡೆ ಖಾಲಿ ಇದೆ. ಇವನ್ನೇ ಸೇರಿಸಿ ಏನಾದ್ರೂ ಮಾಡಿಕೊಡಿ. ಹೂವು ಹಕ್ಕಿ ಬೇಡ. ನೋಡಿದವರಿಗೆ ಇದು ಇಂಥದ್ದು ಅಂತ ಹೇಳೋಕಾಗಬಾರದು.”

ಇದು ಇಂಥದ್ದು ಎಂದು ಹೇಳಲಾಗದ ಬಟ್ಟೆಯಿಂದ ನಮ್ಮ ಮನೆಯಲ್ಲಿ ಒಲೆ ಒರೆಸುತ್ತಾರೆ. ಬೆಂಚಿನ ಮೇಲೆ ಕೂತಿದ್ದ ನಾನು, ಇವನು ನಕ್ಕು ಕಳಿಸುತ್ತಾನೆ ಅಂದುಕೊಂಡೆ. ಪುಣ್ಯಾತ್ಮ ಕೆಂಪಗಾಗಿ ಹೂಂ ಅಂದ.

“ಯಾಕಯ್ಯಾ ನಿನಗೆ ಈ ಉಸಾಬರಿ?” ಅಂದೆ.

“ಇಷ್ಟು ವರ್ಷ ಹೊಲಿದದ್ದೆಲ್ಲ ಜನ ಹಾಕ್ಕೊಂಡು ಹರಿದು ಬಿಸಾಕಿದ್ರು ಭಾವ. ನನ್ನ ಕೈಯಿಂದ ಆಗಿದ್ದು ಒಂದಾದ್ರೂ ಹರೀದೇ ಇರೋ ಜಾಗದಲ್ಲಿ ಇರ್ಲಿ.”

“ಗೋಡೆ ಮೇಲೆ ಹಲ್ಲೀನೂ ಇರುತ್ತೆ.”

ಕಾಜ ಹಾಕುತ್ತಿದ್ದ ತಂಗಿ ತಲೆ ಎತ್ತಲಿಲ್ಲ. “ಅದೇನಾದ್ರೂ ಗೋಡೆ ಹತ್ತದೆ ವಾಪಸ್ ಬಂತೋ, ಅವತ್ತೇ ಕತ್ತರಿಸಿ ದಿಂಬಿನ ಕವರ್ ಮಾಡ್ತೀನಿ. ನೆನಪಿರ್ಲಿ ನಿಮಗೆ.”

ಅಳತೆ ಇಲ್ಲದೆ ಅವನ ಕತ್ತರಿ ಓಡುವುದಿಲ್ಲ. ಕೊರಳಿಗೆ ಟೇಪು ನೇತುಹಾಕಿಕೊಂಡು ಹೋಗಿ ಗೋಡೆಗೆ ಅಳತೆ ತೆಗೆದು ಬಂದ. “ಎಡಗಡೆ ಭುಜ ಸ್ವಲ್ಪ ಇಳಿದಿದೆ ಭಾವ” ಅಂದ. ಸೊಂಟದ ಸುತ್ತಳತೆ ಎಷ್ಟಯ್ಯಾ ಅಂತ ಕೇಳಿದೆ. ಚುಚ್ಚಿದ್ದು ನಾಟಲೇ ಇಲ್ಲ. ಕಿಟಕಿಯ ಕೆಳಗಿನ ಅಗಲ ಒಪ್ಪಿಸಿದ.

ಆಮೇಲೆ ಶುರುವಾಯಿತು ಸೃಷ್ಟಿಕಾರ್ಯ. ಚಿಂದಿಗಳನ್ನು ನೆಲಕ್ಕೆ ಹರಡುವುದು, ಸ್ಟೂಲು ಹತ್ತಿ ಒಂದು ಕಣ್ಣು ಮುಚ್ಚಿ ನೋಡುವುದು, ಇಳಿದು ಹೆಬ್ಬೆರಳಿನಿಂದ ಒಂದು ತುಂಡನ್ನು ಅತ್ತ ದೂಡುವುದು, ಮತ್ತೆ ಹತ್ತುವುದು. ಗಿರಾಕಿಗಳು ಬಾಗಿಲಲ್ಲೇ ಕಾಯಬೇಕು. ಇಷ್ಟು ಹಾರಾಡಿ ಮೊದಲ ಸಲ ಮಾಡಿದ್ದೇನು? ಈ ಕಡೆ ಒಂದು ನೀಲಿ ಇಟ್ಟರೆ ಆ ಕಡೆ ಅದೇ ಅಳತೆಯ ಇನ್ನೊಂದು ನೀಲಿ, ನಡುವೆ ಬಿಳಿಯ ಪಟ್ಟಿ.

“ಇದು ಅಂಗಿ” ಅಂದೆ.

“ಇಲ್ಲ ಭಾವ, ಇದು ಏನೂ ಅಲ್ಲ.”

“ಏನೂ ಅಲ್ಲದ್ದಕ್ಕೆ ಕಾಲರ್ ಯಾಕೆ?”

ಬಗ್ಗಿ ನೋಡಿದ. ಕಾಲರ್ ಇತ್ತು. ಅವನಿಗೆ ಗೊತ್ತಿಲ್ಲದೆ ಕೈ ತನ್ನ ಪಾಡಿಗೆ ಇಟ್ಟುಬಿಟ್ಟಿತ್ತು. ಬಿಚ್ಚಿ ಮತ್ತೆ ಜೋಡಿಸಿದ; ಈ ಸಲ ಪ್ಯಾಂಟು. ಕೊನೆಗೆ ಜೋಡಿಯ ಸಹವಾಸವೇ ಬೇಡವೆಂದು ಎಲ್ಲವನ್ನೂ ಉದ್ದುದ್ದ ಪಟ್ಟಿಗಳಾಗಿ ಕತ್ತರಿಸಿ, ಅಗಲದ್ದು ಕಿರಿದು ನೋಡದೆ ಪಕ್ಕಪಕ್ಕ ನಿಲ್ಲಿಸಿ ಹೊಲಿದ. ತಿರುಗಿಸಿ ನೋಡಿದರೆ ಒಂದೊಂದು ಹೊಲಿಗೆಯ ಒಳಗೂ ಅದೇ ಎರಡು ಬೆರಳು.

“ಗೋಡೆಗೂ ಬೊಜ್ಜು ಬರುತ್ತೇನಯ್ಯಾ?”

“ಅಭ್ಯಾಸ ಭಾವ” ಅಂದ.

ಕಟ್ಟಡ ಮುಗಿಯುವುದು ತಡವಾಯಿತು. ಅಲ್ಲಿಯವರೆಗೆ ಅದನ್ನು ಅಂಗಡಿಯ ಬಾಗಿಲಿಗೆ ನೇತುಹಾಕಿಕೊಂಡ, ಹೋಗಿ ಬರುವವರೆಲ್ಲ ನೋಡಲಿ ಎಂದು. ನೋಡಿದ್ದು ಸೂರ್ಯ ಒಬ್ಬನೇ. ಬಾಗಿಲು ಪಡುವಣಕ್ಕಿದೆ, ಬೇಸಿಗೆ ಮುಗಿಯುವಷ್ಟರಲ್ಲಿ ನೀಲಿ ಕೆಂಪು ಎಲ್ಲ ಪಾತ್ರೆ ತೊಳೆದ ನೀರಿನ ಬಣ್ಣಕ್ಕೆ ತಿರುಗಿದ್ದವು. ಬಟ್ಟೆಯಲ್ಲಿ ಕೈಯಾಡಿಸಿದ ಯಾವನಿಗೂ ಇದು ಮೊದಲೇ ಹೊಳೆಯಬೇಕು. ಕಲಾವಿದನಿಗೆ ಹೊಳೆಯಲಿಲ್ಲ.

ಗ್ರಂಥಾಲಯದ ಬಾಗಿಲು ತೆರೆಯುವ ಹಿಂದಿನ ಮಧ್ಯಾಹ್ನ ಮೂವರೂ ಅದನ್ನು ಸುತ್ತಿಕೊಂಡು ಹೋದೆವು. ಅವನು ಅಳತೆ ತೆಗೆದಿದ್ದ ಗೋಡೆಗೆ ಕಬ್ಬಿಣದ ಕಪಾಟು ಬಂದು ಕೂತಿತ್ತು. ಮೇಡಂ ಮೆಟ್ಟಿಲ ಪಕ್ಕದ ಗೋಡೆ ತೋರಿಸಿದರು. ಅದು ಇನ್ನೂ ಅಗಲ. ಹಿಡಿದು ನೋಡಿದರೆ ಅಪ್ಪನ ಎದೆಗೆ ಮಗನ ಅಂಗಿ ಹಿಡಿದ ಹಾಗಿತ್ತು.

“ಚಿಕ್ಕದಾಯ್ತಲ್ಲ... ಹೋಗ್ಲಿ, ಇನ್ನೊಂದು ಸಲ ನೋಡೋಣ ಬಿಡಿ” ಅಂದರು ಮೇಡಂ. ದೊಡ್ಡ ಜನ ‘ಇನ್ನೊಂದು ಸಲ’ ಅಂದರೆ ಏನರ್ಥ ಎಂದು ನನಗೆ ಗೊತ್ತು. ಪೊಟ್ಟಣದ ಕಾಗದ ಓದಿ ಅಕ್ಷರ ಕಲಿತವನಾದರೂ ಅಷ್ಟು ಓದಬಲ್ಲೆ.

“ದಿಂಬಿಗಾಯ್ತು” ಅಂದಳು ತಂಗಿ.

ಅವನು ಅಂಚು ಮಗುಚಿ ಒಳಗಿನ ಬಟ್ಟೆಯನ್ನು ಬೆರಳಲ್ಲಿ ಹಿಸುಕಿ ನೋಡಿದ. “ಸಂಜೆವರೆಗೂ ಇರ್ತೀರಾ ಮೇಡಂ? ಬಿಚ್ಚಿದ್ರೆ ಸರಿಹೋಗುತ್ತೆ.”

ಅಂಗಡಿಗೆ ಓಡಿದೆವು. ತಂಗಿ ನನ್ನ ಕೈಗೂ ಒಂದು ಬ್ಲೇಡು ಕೊಟ್ಟಳು. ಬೈದುಕೊಂಡೇ ಬಿಚ್ಚಿದೆ. ಬಿಚ್ಚಿದಲ್ಲೆಲ್ಲ ಬಿಸಿಲು ಕಾಣದ ಬಟ್ಟೆ ಹೊರಬಂತು: ಮಂಕು ನೀಲಿಯ ಪಕ್ಕ ಕಡುನೀಲಿ, ಸತ್ತ ಕೆಂಪಿನ ಪಕ್ಕ ಹಸಿ ಕೆಂಪು. ಅವನು ಅಂಚಿನಂಚಿಗೆ ಹೊಲಿಗೆ ಓಡಿಸಿದ. ಹಳೆಯ ಹೊಲಿಗೆಯ ತೂತುಗಳು ಗೆರೆಯುದ್ದಕ್ಕೂ ಚುಕ್ಕಿಯಾಗಿ ನಿಂತವು. ಬೆಳೆದ ಮಕ್ಕಳ ಬಟ್ಟೆ ಬಿಚ್ಚಿ ಹೊಲಿದಾಗ ಬರುವ ಗೆರೆ ಅದು. ಅದು ಕಂಡರೆ ದರ್ಜಿಯ ಮಾನ ಹೋದ ಹಾಗೆ. ಅವನ ಮುಖ ಕಪ್ಪಿಟ್ಟಿತು. ತೂತು ಮುಚ್ಚಿಸಲು ನೀರು ಚಿಮುಕಿಸಿ ಇಸ್ತ್ರಿ ಪೆಟ್ಟಿಗೆ ಎತ್ತಿದ.

ತಂಗಿ ಅವನ ಮಣಿಕಟ್ಟು ಹಿಡಿದಳು. “ಬೇಡ ರೀ. ಇಡೀ ಬಟ್ಟೇಲಿ ನೀವು ಅಳತೆ ತೆಗೀದೆ ಬಂದಿದ್ದು ಅದೊಂದೇ. ಇರ್ಲಿ ಬಿಡಿ.”

ಕತ್ತಲಾಗುವ ಮುಂಚೆ ಅದು ಗೋಡೆ ಹತ್ತಿತು. ಒಂದು ಸುಕ್ಕಿಲ್ಲದೆ ಕೂತಿತು, ಅಷ್ಟು ಒಪ್ಪುತ್ತೇನೆ.

ಮಾರನೆಯ ದಿನ ಬಂದವರೆಲ್ಲ ಅದರ ಮುಂದೆ ತಲೆ ವಾಲಿಸಿ ನಿಂತರು. ಒಬ್ಬರು ಮಳೆ ಅಂದರು, ಇನ್ನೊಬ್ಬರು ಜೈಲಿನ ಸರಳು ಅಂದರು. ಬಿಚ್ಚಿ ಹೊಲಿದ ಬಟ್ಟೆ ಕಣ್ರಪ್ಪಾ ಅನ್ನಲು ಬಾಯಿಗೆ ಬಂದಿತ್ತು. ದರ್ಜಿ ಮೆಲ್ಲಗೆ ಪಕ್ಕಕ್ಕೆ ಬಂದ.

“ಹೇಗಿದೆ ಭಾವ?”

“ಎಡ ತೋಳು ಉದ್ದ ಆಯ್ತು.”

ಅಷ್ಟು ಜನರ ನಡುವೆ ಟೇಪು ಹಿಡಿದು ಮೆಟ್ಟಿಲು ಹತ್ತಿದ. ಅಳೆದ. “ನಿನಗೆ ಬೇರೆ ಕೆಲಸ ಇಲ್ವೇನಣ್ಣ?” ಎಂದು ತಂಗಿ ಮೊಣಕೈಯಲ್ಲಿ ತಿವಿದಳು. ಅವನು ಇಳಿದು ಬಂದು, ಟೇಪು ಸುತ್ತುತ್ತಾ ಸಣ್ಣ ದನಿಯಲ್ಲಿ ಅಂದ: “ಸರಿಯಾಗೇ ಇದೆ ಭಾವ. ಉದ್ದ ಆಗಿದ್ರೂ ಇನ್ನೇನು ಮಾಡೋಕಾಗಲ್ಲ. ಒಳಗೆ ಏನೂ ಉಳಿದಿಲ್ಲ.”

ಜೀವಮಾನವೆಲ್ಲ ನಾಳೆಗೆಂದು ಎರಡು ಬೆರಳು ಬಚ್ಚಿಟ್ಟವನು ಅದನ್ನೆಲ್ಲ ಊರ ಮುಂದೆ ಬಿಚ್ಚಿ ಹಾಕಿ, ಕೈ ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದ. ನನ್ನ ತಂಗಿಯ ಮನೆಯ ದಿಂಬುಗಳಿಗೆ ಈಗಲೂ ಹಳೆಯ ಕವರೇ ಗತಿ.