ಮೆಣಸಿನಕಾಯಿ ಹೊಗೆ ಮೊದಲೋ, ಮರಿಯ ಉಬ್ಬಸ ಮೊದಲೋ

ಆ ಮಧ್ಯಾಹ್ನ ಯಾವುದು ಮೊದಲಾಯಿತು, ಯಾವುದು ಆಮೇಲೆ ಎಂದು ನಾನು ಖಚಿತವಾಗಿ ಹೇಳಲಾರೆ. ಹೊಗೆ ಎದ್ದಿತು, ಬೆಕ್ಕಿನ ಮರಿಗೆ ಉಸಿರು ಕಟ್ಟಿತು: ನನ್ನ ನೆನಪಿನಲ್ಲಿ ಅದು ಇದೇ ಕ್ರಮದಲ್ಲಿದೆ. ಆದರೆ ಈ ಕ್ರಮವನ್ನು ನಾನು ಕಣ್ಣಾರೆ ಕಂಡೆನೋ, ಮಗಳು ಹೇಳಿದ್ದನ್ನು ಕೇಳಿ ಕೇಳಿ ನನ್ನದಾಗಿಸಿಕೊಂಡೆನೋ ತಿಳಿಯದು. ಹೆಂಡತಿ ಅಂದು ಡೆಸ್ ಪ್ಲೇನ್ಸ್‌ನ ಆಫೀಸಿನಲ್ಲಿದ್ದಳು. ಹಾಗಾಗಿ ಅವಳು ಸಾಕ್ಷಿಯಲ್ಲ.

ಆಗ ನಾವು ಗ್ಲೆಂಡೇಲ್ ಹೈಟ್ಸ್‌ನಲ್ಲಿದ್ದೆವು. ಚಳಿಗಾಲ. ಮೈಸೂರಿನಿಂದ ಅಮ್ಮ ಬಂದಿದ್ದರು. ಮಗಳು ಹಟ ಹಿಡಿದು ತಂದ ಬೂದು ಬಣ್ಣದ ಮರಿಗೆ ಅಂದು ಮೊದಲ ಲಸಿಕೆ. ಮನೆಯಲ್ಲಿ ಒಬ್ಬರೇ ಯಾಕಿರಬೇಕೆಂದು ಅಮ್ಮನೂ ಕ್ಲಿನಿಕ್ಕಿಗೆ ಬಂದರು. ಮನೆ ಸೇರುವಷ್ಟರಲ್ಲಿ ಮರಿಯ ಮುಖ ಊದಿಕೊಂಡು, ಒಂದು ಕಣ್ಣು ಮುಚ್ಚಿಹೋಗಿತ್ತು. ನಾನು ನನ್ನ ಫೋನನ್ನು ಮಗಳ ಕೈಗಿತ್ತು, ಡಾಕ್ಟರಿಗೆ ತೋರಿಸಲು ವಿಡಿಯೋ ಮಾಡು ಎಂದೆ. ಮಾಡಿದಳು. ಆಮೇಲೆ ಅದೇ ಫೋನಿನಲ್ಲಿ ಕ್ಲಿನಿಕ್ಕಿಗೆ ಕರೆ ಮಾಡಿದೆ. ಆ ಕಡೆಯಿಂದ ಬರೀ ಸಂಗೀತ ಕೇಳಿಸುತ್ತಿತ್ತು.

"ಅಲ್ಲಿ ಎಲ್ಲಾರೂ ಇದನ್ನೇ ಮುದ್ದು ಮಾಡ್ತಿದ್ರು ಕಣೋ. ಕಣ್ಣು ಬಿದ್ದಿದೆ," ಎಂದರು ಅಮ್ಮ.

"ಅಮ್ಮ, ಅದು ಇಂಜೆಕ್ಷನ್ ರಿಯಾಕ್ಷನ್."

"ಇರ್ಲಿ. ನೀನು ಫೋನ್ ಮಾಡು, ನಾನು ದೃಷ್ಟಿ ತೆಗೀತೀನಿ. ನಿನಗೂ ತೆಗೆದಿದ್ದೆ. ಪಿಎಚ್‌ಡಿ ಆಗ್ಲಿಲ್ವಾ?"

ಉಪ್ಪು, ಒಣಮೆಣಸಿನಕಾಯಿಗಳನ್ನು ಮುಷ್ಟಿಯಲ್ಲಿ ಹಿಡಿದು ಮರಿಗೆ ಇಳಿ ತೆಗೆದು, ಕಾದ ಬಾಣಲೆಗೆ ಹಾಕಿದರು. ದೃಷ್ಟಿಯಾಗಿದ್ದರೆ ಮೆಣಸಿನಕಾಯಿ ಸುಟ್ಟರೂ ಘಾಟು ಬರುವುದಿಲ್ಲ ಎಂಬುದು ಅವರ ಲೆಕ್ಕ. ಅಂದು ಮನೆಯೆಲ್ಲ ಘಾಟು. ಕಿಟಕಿಗಳನ್ನು ಚಳಿಗೆ ಬಿಗಿದಿದ್ದೆವು. ಚಾವಣಿಯ ಸ್ಮೋಕ್ ಅಲಾರಂ ಕಿರುಚತೊಡಗಿತು. ಮರಿ ಮಗಳ ತೊಡೆಯಿಂದ ನೆಗೆದು ಸೋಫಾದ ಅಡಿಗೆ ನುಗ್ಗಿತು. ಎಳೆದು ತೆಗೆದಾಗ ಬಾಯಿ ತೆರೆದು ಉಬ್ಬಸ ಪಡುತ್ತಿತ್ತು. ಮೂತಿಯ ತುಂಬ ವಾಂತಿ.

"ಶೀ ಕಾಂಟ್ ಬ್ರೀದ್, ಅಜ್ಜಿ. ಯೂ ಡಿಡ್ ದಿಸ್," ಎಂದಳು ಮಗಳು. ಅಮ್ಮನಿಗೆ ಅಷ್ಟು ಇಂಗ್ಲಿಷ್ ಅರ್ಥವಾಗುತ್ತಿತ್ತು.

ಕ್ಲಿನಿಕ್ಕಿನಲ್ಲಿ ಇಂಜೆಕ್ಷನ್ ಕೊಟ್ಟು, ಆಕ್ಸಿಜನ್ ಇಟ್ಟರು. ವಿಡಿಯೋ ಯಾರೂ ಕೇಳಲಿಲ್ಲ. ಊತ ಇಳಿಯಿತು. ಆದರೆ ವಾಂತಿ ಶ್ವಾಸಕೋಶಕ್ಕೆ ಹೋಗಿದೆ, ನ್ಯುಮೋನಿಯಾ ಆಗಬಹುದು ಎಂದರು ಡಾಕ್ಟರ್. ಹೊಗೆಯ ವಿಷಯ ನಾನೇ ಎತ್ತಿದೆ. ಹೊಗೆ ಒಳ್ಳೆಯದಂತೂ ಅಲ್ಲ, ಆದರೆ ಇದಕ್ಕೆ ಅದೇ ಕಾರಣ ಎಂದು ಹೇಳಲಾಗುವುದಿಲ್ಲ ಎಂದರು. ಮನೆಗೆ ಬರುವಾಗ ಆ ಮಾತಿನ ಮೊದಲರ್ಧ ಮಾತ್ರ ನಮ್ಮ ಜೊತೆ ಬಂತು.

ಮರಿಯನ್ನು ಮಗಳ ಬಾತ್‌ರೂಮಿನಲ್ಲಿ ಟವೆಲ್ ಹಾಸಿದ ರಟ್ಟಿನ ಪೆಟ್ಟಿಗೆಯಲ್ಲಿಟ್ಟೆವು. ಬಿಸಿನೀರು ಬಿಟ್ಟು ಆವಿ ತುಂಬಿಸುವುದು, ಸಿರಿಂಜಿನಲ್ಲಿ ಗಂಜಿಯಂಥ ಆಹಾರವನ್ನು ತುಟಿಯ ಸಂದಿಗೆ ಹನಿಸುವುದು, ಔಷಧಿ. ನುಂಗಿದ್ದಕ್ಕಿಂತ ಎದೆಗೆ ಸುರಿದುಕೊಂಡದ್ದೇ ಹೆಚ್ಚು. ಪಕ್ಕೆಲುಬು ಲೆಕ್ಕಕ್ಕೆ ಸಿಗುವಂತಾಯಿತು. ಅಮ್ಮ ಒಳಗೆ ಬರಕೂಡದೆಂದು ಮಗಳ ಕಟ್ಟಪ್ಪಣೆ. ಅವರು ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು.

"ಉಸಿರಾಡ್ತಿದೆಯೇನೋ?" ನಾನು ಹೊರಬಂದಾಗಲೆಲ್ಲ ಇದೊಂದೇ ಪ್ರಶ್ನೆ.

"ಆಡ್ತಿದೆ."

ಮಗಳು ಶಾಲೆಗೆ ಹೋಗಿದ್ದ ಒಂದು ದಿನ ನಾನು ಕೆಳಗೆ ಆಫೀಸಿನ ಮೀಟಿಂಗಿನಲ್ಲಿದ್ದೆ. ಮೀಟಿಂಗ್ ಮುಗಿಸಿ ಮೇಲೆ ಬಂದಾಗ ಕುರ್ಚಿ ಖಾಲಿ. ಅಮ್ಮ ಒಳಗೆ ನೆಲದ ಮೇಲೆ ಕೂತಿದ್ದರು. ಸೆರಗಿನಲ್ಲಿ ಮರಿ. ಕುತ್ತಿಗೆ ಜೋತುಬಿದ್ದಿತ್ತು.

"ಕೂಗ್ತಿತ್ತು. ಕೇಳ್ಕೊಂಡು ಹೊರಗೆ ಕೂರೋಕಾಗ್ಲಿಲ್ಲ," ಎಂದರು. "ನಾನು ಮುಟ್ಟಿದೆ ಅಂತ ಅವಳಿಗೆ ಹೇಳ್ಬೇಡಪ್ಪ."

ಹೇಳಲಿಲ್ಲ. ಆದರೂ ಮಗಳು ಅಜ್ಜಿಯೊಡನೆ ಮಾತು ಬಿಟ್ಟಳು. ಅಮ್ಮ ಟಿಕೆಟ್ ಮುಂಚಿನ ದಿನಕ್ಕೆ ಬದಲಾಯಿಸಿಕೊಂಡು ಊರಿಗೆ ಹೊರಟರು. ಈಗಲೂ ವಿಡಿಯೋ ಕಾಲ್‌ನಲ್ಲಿ ಮೊಮ್ಮಗಳು ಎದ್ದು ಹೋದ ಮೇಲೆ, ದನಿ ತಗ್ಗಿಸಿ ಕೇಳುತ್ತಾರೆ: "ನನ್ನಿಂದಾನೇ ಹೋಯ್ತೇನೋ?" ಗೊತ್ತಿಲ್ಲ ಎನ್ನುತ್ತಿದ್ದೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವುದು ಪ್ರಾಮಾಣಿಕತೆ ಎಂದುಕೊಂಡಿದ್ದೆ. ಅದು ಅವರಿಗೆ ಹೌದು ಎಂದೇ ಕೇಳಿಸುತ್ತಿತ್ತು.

ಈಗ ನಾವು ಡೆಟ್ರಾಯ್ಟ್ ಹತ್ತಿರವಿದ್ದೇವೆ. ಕಳೆದ ವಾರ ಹಳೆಯ ಫೋನಿನ ಫೋಟೋಗಳನ್ನು ಹೊಸದಕ್ಕೆ ಸಾಗಿಸುವಾಗ ಆ ವಿಡಿಯೋ ಸಿಕ್ಕಿತು. ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು ಇನ್ನೊಮ್ಮೆ ನೋಡಿದೆ. ಮರಿ ಬಾಯಿ ತೆರೆದು ಉಬ್ಬಸ ಪಡುತ್ತಿದೆ. ಮಗಳ ತೋಳಿನ ಮೇಲೆ ಆಗಲೇ ವಾಂತಿ. ಅಲಾರಂ ಸದ್ದಿಲ್ಲ. ಹಿಂದೆ ಬಾಗಿಲ ಬಳಿ ನಿಂತಿರುವ ಅಮ್ಮ ಇನ್ನೂ ಕೋಟು ಬಿಚ್ಚಿಲ್ಲ.