ನಲವತ್ತು ಎಣಿಸುವ ತನಕ

ಆ ಕೋಣೆಯ ಗೋಡೆಗಳು ಕಡು ಹಸಿರು ಎಂದು ಹಿಂದೊಮ್ಮೆ ಬರೆದಿದ್ದೆ. ಈಗ ಆ ಖಾತ್ರಿ ಇಲ್ಲ. ಹಸಿರು ಬೇರೆ ಯಾವುದೋ ಕೋಣೆಯಿಂದ ಬಂದು ಇಲ್ಲಿ ಅಂಟಿಕೊಂಡಿರಬಹುದು. ಕೌಂಟರಿನ ಬಣ್ಣದ ಬಗ್ಗೆ ಮಾತ್ರ ಅನುಮಾನವಿಲ್ಲ, ಏಕೆಂದರೆ ಅದು ನನ್ನ ಅಂಗಿಯ ತೋಳಿಗೆ ಹತ್ತಿತ್ತು.

ಅರವತ್ತರ ದಶಕದ ಕೊನೆ. ಪಾನನಿರೋಧ ಸಡಿಲವಾಗಿತ್ತು. ಶಿವಮೊಗ್ಗದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಒಬ್ಬ ಮರದ ಕಂಟ್ರಾಕ್ಟರು ಮಹಡಿಯ ಮೇಲೆ ಕಾಕ್‌ಟೇಲ್ ಲೌಂಜ್ ತೆರೆದರು. ಅದು ಹೊಸದಾಗಿ ಕಾಣಬಾರದೆಂಬುದು ಅವರ ಹಟ. ಕಾಫಿ ತೋಟದ ಪ್ಲಾಂಟರುಗಳ ಮುಚ್ಚಿಹೋದ ಕ್ಲಬ್ಬೊಂದರ ಹರಾಜಿನಲ್ಲಿ ಚರ್ಮದ ಕುರ್ಚಿಗಳನ್ನೂ ಹಿತ್ತಾಳೆಯ ದೀಪಗಳನ್ನೂ ಹಿಡಿದಿದ್ದರು. ಸಾಲದ್ದಕ್ಕೆ, ಹೊಸ ತೇಗದ ಕೌಂಟರಿಗೆ ಬಡಗಿಗಳಿಂದ ಕಾಫಿ ಡಿಕಾಕ್ಷನ್ ಬಳಿಸಿ ಮೂವತ್ತು ವರ್ಷ ಹಳೆಯದು ಮಾಡಿಸಿದರು.

ಅದೇ ಕ್ಲಬ್ಬಿನಿಂದ ಬಾರ್‌ಮನ್ ಕೂಡ ಬಂದ. ಶಿವಮೊಗ್ಗದವನೇ, ಐವತ್ತು ದಾಟಿದ ಮುಸಲ್ಮಾನ. ಎಲ್ಲರೂ ಅವನನ್ನು ಭಾಯ್ ಎನ್ನುತ್ತಿದ್ದರು. ಇಪ್ಪತ್ತು ವರ್ಷ ಪಾನೀಯ ಬೆರೆಸಿದ್ದರೂ ಒಂದು ಹನಿ ನಾಲಗೆಗೆ ಇಟ್ಟವನಲ್ಲ. ಮೂಸುತ್ತಿದ್ದ, ಬಣ್ಣ ನೋಡುತ್ತಿದ್ದ, ಬೆರೆಸುವ ಡಬ್ಬಿಯನ್ನು ಕಿವಿಯ ಪಕ್ಕ ಕುಲುಕುತ್ತಿದ್ದ. ಅವನ ಕೈಗೆ ಒಗ್ಗುವ ಕೆಲಸ ಇಡೀ ಊರಿನಲ್ಲಿ ಆ ಕೌಂಟರಿನ ಹಿಂದೆ ಮಾತ್ರ ಇತ್ತು.

ನಾನಾಗ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಲ್ಯಾಬಿನಲ್ಲಿದ್ದೆ. ನ್ಯೂ ಟೌನಿನಲ್ಲಿ ವಾಸ, ಶನಿವಾರ ಬೆಳಗಿನ ಬಸ್ಸಿಗೆ ಶಿವಮೊಗ್ಗ, ಭಾನುವಾರ ರಾತ್ರಿ ವಾಪಸು. ಸಣ್ಣ ಪತ್ರಿಕೆಗಳಲ್ಲಿ ಎರಡು ಕತೆ ಬಂದಿದ್ದವು. ಅಷ್ಟು ಸಾಕಾಯಿತು ಮಾಲೀಕರಿಗೆ.

"ನೋಡಿ ಮಾರಾಯ್ರೇ, ಗಿರಾಕಿಗಳು ಇದೇನು, ಎಲ್ಲಿಂದ ಬಂತು ಅಂತ ಕೇಳ್ತಾರೆ. ಭಾಯ್ ನಗ್ತಾನೆ, ನಾನು ಕೆಮ್ತೀನಿ. ಒಂದೊಂದಕ್ಕೂ ಒಂದು ಕಾರ್ಡ್ ಬರ್ಕೊಡಿ. ಚರಿತ್ರೆ ಮೇಲೆ, ಮಾಡೋ ಕ್ರಮ ಕೆಳಗೆ."

ಕ್ರಮ ಯಾಕೆ ಎಂದು ನಾನು ಕೇಳಲಿಲ್ಲ. ಕೇಳಿದೆ ಎಂದು ಆಮೇಲೆ ಅನ್ನಿಸತೊಡಗಿತ್ತು, ಆದರೆ ಕೇಳಿರಲಿಲ್ಲ.

ಚರಿತ್ರೆ ಬರೆಯುವುದು ಸುಲಭವಿತ್ತು, ಏಕೆಂದರೆ ಯಾವುದೂ ಗಟ್ಟಿಯಿರಲಿಲ್ಲ. ಕಾಕ್‌ಟೇಲ್ ಎಂಬ ಹೆಸರಿಗೇ ಮೂರು ಮೂಲ ಸಿಕ್ಕವು: ಬಾಲ ಕತ್ತರಿಸಿದ ಕುದುರೆ, ಫ್ರೆಂಚರ ಮೊಟ್ಟೆಯ ಬಟ್ಟಲು, ಲೋಟಕ್ಕೆ ಸಿಕ್ಕಿಸಿದ ಹುಂಜದ ಗರಿ. ಮಾಲೀಕರು ಹುಂಜವನ್ನು ಆರಿಸಿದರು, ಬೋರ್ಡಿನ ಮೇಲೆ ಬರೆಸಲು ಚೆನ್ನಾಗಿರುತ್ತದೆಂದು. ಕ್ವಿನೈನಿನ ಕಹಿ ಇಳಿಯಲೆಂದು ಜಿನ್ ಬೆರೆಸಿದ ಕತೆ ನಮ್ಮ ಜನಕ್ಕೆ ಹೇಳಬೇಕಾಗಿರಲಿಲ್ಲ, ಚಳಿಜ್ವರದ ಸೀಮೆ ಇದು. ಅಮೆರಿಕದಲ್ಲಿ ಮದ್ಯ ನಿಷೇಧವಾದಾಗ ಕಳ್ಳ ಸಾರಾಯಿಯ ನಾತ ಮುಚ್ಚಲು ಹಣ್ಣಿನ ರಸ ಬೆರೆಸಿದರು ಎಂದು ಓದಿ ಹೇಳಿದೆ. ಭಾಯ್ ಲೋಟ ಒರೆಸುತ್ತ, "ಅದಕ್ಕೆ ಅಮೆರಿಕ ಯಾಕೆ ಸಾಬ್? ನಮ್ಮ ತುಂಗಾ ದಡದಲ್ಲೇ ಕಂಡಿದೀನಿ," ಎಂದ.

ಕ್ರಮ ಬರೆಯುವಾಗ ನಾನು ಲ್ಯಾಬಿನವನಾದೆ. ಭಾಯ್ ಕೈಚಳಕದ ಪಾನೀಯ ಗಿಮ್ಲೆಟ್. ಜಿನ್ ಮತ್ತು ನಿಂಬೆ, ಸ್ವಲ್ಪ ಸಕ್ಕರೆಪಾಕ, ಹಡಗಿನವರಿಗೆ ವಸಡಿನ ರೋಗ ಬಾರದಿರಲೆಂದು ಹುಟ್ಟಿದ್ದಂತೆ. ಅವನ ನಿಂಬೆಹಣ್ಣುಗಳನ್ನು ಭದ್ರಾವತಿಗೆ ಒಯ್ದು, ಅದಿರು ಪರೀಕ್ಷಿಸುವ ಬ್ಯೂರೆಟ್ಟಿನಲ್ಲಿ ಹುಳಿ ಅಳೆದೆ. ಅವನು ಡಬ್ಬಿ ಕುಲುಕುವಾಗ ಸ್ಟಾಪ್‌ವಾಚ್ ಹಿಡಿದೆ. ಐದು ಸಲವೂ ಹೆಚ್ಚುಕಡಿಮೆ ನಲವತ್ತು ಸೆಕೆಂಡೇ ಬಂತು. 'ನಲವತ್ತು ಎಣಿಸುವ ತನಕ ಕುಲುಕಬೇಕು' ಎಂದು ಬರೆದೆ. ಹೆಮ್ಮೆಯೂ ಆಯಿತು.

"ಈ ಕೆಳಗಿಂದು ಯಾರಿಗೆ ಸಾಬ್?" ಎಂದು ಭಾಯ್ ಕೇಳಿದ.

"ಗಿರಾಕಿಗಳಿಗೆ."

"ಗಿರಾಕಿ ಮನೇಲಿ ಮಾಡ್ಕೊಂಡ್ರೆ ಇಲ್ಲಿಗೆ ಯಾಕೆ ಬರ್ತಾನೆ?"

ಅದಕ್ಕೆ ಉತ್ತರ, ಮೂಲೆಯ ಕುರ್ಚಿಯೊಂದರಲ್ಲಿ ಕೂತಿತ್ತು. ಮಾಲೀಕರ ಹೆಂಡತಿಯ ತಮ್ಮ. ಹಿಟ್ಟಿನ ಗಿರಣಿ ನಡೆಸಿ ಮುಚ್ಚಿ ಬಂದವನು. ಎರಡು ವಾರದಿಂದ ದಿನಾ ಬಂದು, ಕಾಲ ಮೇಲೆ ಕಾಲು ಹಾಕಿ, ಭಾಯ್ ಕೈಯನ್ನೇ ನೋಡುತ್ತಿದ್ದ. ನನ್ನ ಕಾರ್ಡುಗಳು ಅವನಿಗೆ ಈ ಕೆಲಸ ಕಲಿಸಲಿಕ್ಕೆ ಎಂದು ಆ ಕ್ಷಣ ನಮ್ಮಿಬ್ಬರಿಗೂ ಗೊತ್ತಾಯಿತು. ಭಾಯ್ ನನ್ನನ್ನು ಬಯ್ಯಲಿಲ್ಲ. ಬರೆದದ್ದನ್ನು ನಾನು ಹರಿಯಲೂ ಇಲ್ಲ.

ಒಂದು ಭಾನುವಾರ ಸಂಜೆ ಐದೂವರೆಗೆ ಭದ್ರಾವತಿಯಿಂದ ಐವರು ಇಂಜಿನಿಯರುಗಳು ಬಂದರು. ಮಾಲೀಕರು ಭಾಯ್‌ಗೆ, "ಇವತ್ತು ನೀವು ಕೂತ್ಕೊಳ್ಳಿ. ಇವನು ಮಾಡ್ಲಿ, ನೋಡೋಣ," ಎಂದರು. ಬಾಮೈದ ಕಾರ್ಡನ್ನು ಬಾಟಲಿಗೆ ಒರಗಿಸಿಟ್ಟು, ತುಟಿ ಅಲ್ಲಾಡಿಸುತ್ತ ನಲವತ್ತರ ತನಕ ಎಣಿಸಿದ. ಭಾಯ್ ನನ್ನ ಪಕ್ಕ ನಿಂತಿದ್ದ, ಕೂರಲಿಲ್ಲ.

"ಸಾಬ್, ನೀವು ಬೆಳಿಗ್ಗೆ ಅಳೆದದ್ದು," ಎಂದ ಮೆಲ್ಲಗೆ. "ಬೆಳಿಗ್ಗೆ ಐಸು ಕಲ್ಲು. ಈಗ ನೋಡಿ, ಮರದ ಹೊಟ್ಟಿನೊಳಗೆ ಅರ್ಧ ಕರಗಿ ಕೂತಿದೆ. ಇದಕ್ಕೆ ನಲವತ್ತು ಅಂದ್ರೆ ನೀರೇ."

ಐಸ್ ಫ್ಯಾಕ್ಟರಿಯ ಗಡ್ಡೆ ಬೆಳಿಗ್ಗೆ ಮರದ ಹೊಟ್ಟಿನಲ್ಲಿ ಹೂತು ಬರುತ್ತಿತ್ತು, ಸಂಜೆಯ ಹೊತ್ತಿಗೆ ಮೆತ್ತಗಾಗಿರುತ್ತಿತ್ತು. ಅವನು ಹೊತ್ತಿಗೆ ತಕ್ಕಂತೆ ಕುಲುಕುತ್ತಿದ್ದ. ನಾನು ಅಳೆದದ್ದೆಲ್ಲ ಬೆಳಗಿನ ಬಸ್ಸು ಇಳಿದ ಮೇಲೆ.

ಇದನ್ನು ವಿನೋಬನಗರದ ಗೆಳೆಯನ ಮನೆಯಲ್ಲಿ ಹಲವು ಸಲ ಹೇಳಿದ್ದೇನೆ. ಒಬ್ಬ ಇಂಜಿನಿಯರು ಮುಖ ಸಿಂಡರಿಸಿ ಲೋಟ ಕೆಳಗಿಟ್ಟ, ಮಾಲೀಕರು ಬೆವರಿ ಭಾಯ್‌ನನ್ನು ಕರೆದರು ಎಂದು. ಕೇಳುವವರಿಗೂ ಅದೇ ಬೇಕಾಗಿತ್ತು. ಹಾಗೆ ಆಗಲಿಲ್ಲ. ಐವರೂ ಕುಡಿದರು. "ಸಲೀಸಾಗಿ ಇಳಿಯುತ್ತೆ ಕಣ್ರೀ," ಎಂದ ಒಬ್ಬ. ಇನ್ನೊಂದು ಸುತ್ತು ತರಿಸಿದರು.

"ಕುಡಿದೇ ಬಿಟ್ರು," ಎಂದ ಭಾಯ್. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಆಶ್ಚರ್ಯವಿತ್ತು.

ಮುಂದಿನ ವಾರ ಮಾಲೀಕರು, "ನಿಮಗೂ ನಿಂತು ನಿಂತು ಕಾಲು ಬಾತಿದೆ, ಸ್ವಲ್ಪ ಆರಾಮ ಮಾಡಿ," ಎಂದು ಅವನನ್ನು ಬಿಡಿಸಿದರು. ಶನಿವಾರ ನಾನು ಬಸ್ ಇಳಿಯುವಾಗ ಭಾಯ್ ನಿಲ್ದಾಣದಲ್ಲೇ ಕಾಯುತ್ತಿದ್ದ.

"ಕಾರ್ಡು ತಿದ್ದಿಕೊಡ್ಬೇಕು ಸಾಬ್. ನಲವತ್ತು ಹೊಡೆದು ಹಾಕಿ. ಡಬ್ಬಿ ಮೇಲೆ ಮಂಜು ಕೂತು, ಬೆರಳು ಅಂಟೋ ತನಕ ಅಂತ ಬರೀರಿ."

"ತಪ್ಪಿದ್ರೆ ಇರ್ಲಿ ಬಿಡು ಭಾಯ್. ಇವತ್ತಲ್ಲ ನಾಳೆ ಯಾರಾದ್ರೂ ಗೊಣಗ್ತಾರೆ. ಆಗ ನಿನ್ನೇ ಕರೀತಾರೆ."

"ಕರೀಬಹುದು," ಎಂದ. ಆ ಲೆಕ್ಕವನ್ನು ಅವನು ನನಗಿಂತ ಮೊದಲೇ ಹಾಕಿದ್ದ. "ಆದ್ರೆ ಹಳೇ ಪ್ಲಾಂಟರು ಯಾರಾದ್ರೂ ಬಂದ್ರೆ? ಆ ಕುರ್ಚಿಗಳನ್ನ ಗುರುತು ಹಿಡೀತಾರೆ. ಕುಡಿದು, ಇದು ಭಾಯ್ ಕೈಯಿಂದ ಅಂದ್ಕೋತಾರೆ. ನಕ್ಕೋ ಸಾಬ್, ಅದು ಬೇಡ. ತಿದ್ದಿ."

ತಿದ್ದಿದೆ. ಬಾಮೈದ ಮಂದಬುದ್ಧಿಯವನೇನಲ್ಲ, ಒಂದೇ ವಾರದಲ್ಲಿ ಕೈ ಕುದುರಿತು. ತಿಂಗಳ ಮೇಲೆ ನ್ಯೂ ಟೌನಿನ ಒಂದು ಸೋಡಾ ಅಂಗಡಿಯಲ್ಲಿ ಕೆಲಸಕ್ಕೆ ನಿಂತಿದ್ದ ಭಾಯ್ ಕಂಡ. ಗೋಲಿ ಒತ್ತಿ ನನಗೊಂದು ಬಾಟಲಿ ಕೊಟ್ಟು, "ಗಿಮ್ಲೆಟ್ ಈಗ ಹೇಗೆ ಬರ್ತಿದೆ?" ಎಂದು ಕೇಳಿದ. ಅವನಿಗೆ ಯಾವ ಉತ್ತರ ಬೇಕಾಗಿತ್ತೆಂದು ನನಗೆ ತಿಳಿಯಲಿಲ್ಲ. ಸರಿಯಾಗಿ ಬರುತ್ತಿದೆ ಎಂದೆ. ಅವನು ತಲೆಯಾಡಿಸಿ, ನನ್ನ ಹಿಂದೆ ನಿಂತಿದ್ದ ಕಾರ್ಖಾನೆಯ ತಮಿಳು ಕಾರ್ಮಿಕನನ್ನು ಏನು ಬೇಕೆಂದು ಅವನ ಭಾಷೆಯಲ್ಲೇ ವಿಚಾರಿಸಿದ.